ಸಲೀಂ ಅಲಿ ಗುಬ್ಬಿ ಹೊಡೆದು ಅತ್ತರೇ? ಒಂದು ಏರ್‌ಗನ್, ಒಂದು ಬದುಕು ಮತ್ತು ಫಾರ್ವರ್ಡ್ ಬಿಟ್ಟುಬಿಡುವ ಸಂಗತಿಗಳು

ಈ ಕತೆ ನಿಮ್ಮ ಮೊಬೈಲಿಗೂ ಬಂದಿರಬಹುದು. ಒಬ್ಬ ಹುಡುಗ ಏರ್‌ಗನ್‌ನಿಂದ ಗುಬ್ಬಿ ಹೊಡೆದ. ಅದು ಒದ್ದಾಡಿ ಸತ್ತದ್ದು ನೋಡಿ ಕಣ್ಣೀರಿಟ್ಟ. ಬಂದೂಕು ಬಿಸಾಡಿ, ಮತ್ತೆಂದೂ ಮುಟ್ಟಲಿಲ್ಲ. ಆ ಹುಡುಗನೇ ಮುಂದೆ ಜಗತ್ಪ್ರಸಿದ್ಧ ಪಕ್ಷಿತಜ್ಞ ಡಾ. ಸಲೀಂ ಅಲಿ ಆದ. ಕೊನೆಯಲ್ಲಿ ಕೈ ಮುಗಿಯುವ ಎರಡು ಚಿತ್ರ, ಹತ್ತು ಜನರಿಗೆ ಕಳಿಸಿ ಎಂಬ ಕೋರಿಕೆ.

ಅದೇ ಮೊಬೈಲಿನಲ್ಲಿ, ಅದೇ ದಿನ, ಇನ್ನೊಂದು ವಿಡಿಯೊ ಕೂಡ ಬರುತ್ತದೆ. ಪಿಸಿಪಿ ಏರ್ ರೈಫಲ್‌ನ ಸ್ಪ್ರಿಂಗ್ ಬದಲಿಸಿ, ವಾಲ್ವ್ ಕೊರೆದು ಪವರ್ ಎರಡು ಪಟ್ಟು ಮಾಡುವುದು ಹೇಗೆ ಎಂಬುದು ಅದರ ವಿಷಯ. ಲೈಸೆನ್ಸ್ ಬೇಡ, ಆಟದ ಸಾಮಾನು ಅಷ್ಟೇ ಎಂಬ ಭರವಸೆಯೂ ಜೊತೆಗಿರುತ್ತದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಂಥ ಕಡೆ ಇದನ್ನು ಕುತೂಹಲದಿಂದ ನೋಡುವವರು ಇರುವುದು ಸಹಜ. ಕಡಲೆಕಾಯಿ ಹೊಲಕ್ಕೆ ಹಂದಿ ನುಗ್ಗುತ್ತದೆ, ರಾಗಿಗೆ ನವಿಲು ಬರುತ್ತದೆ, ರೈತನಿಗೆ ಸಿಟ್ಟೂ ಬರುತ್ತದೆ.

ಮೊದಲ ಕತೆ ಅರ್ಧ ನಿಜ. ಎರಡನೆಯದು ಅಪಾಯ. ಎರಡನ್ನೂ ಬಿಡಿಸಲು ಸಲೀಂ ಅಲಿಯವರ ಬದುಕನ್ನೇ ಸರಿಯಾಗಿ ಹೇಳುವುದು ಒಳ್ಳೆಯ ದಾರಿ.

ಅವರು ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬಯಿಯಲ್ಲಿ. ಮನೆಯ ಕೊನೆಯ ಮಗು. ಒಂದು ವರ್ಷ ತುಂಬುವ ಹೊತ್ತಿಗೆ ತಂದೆ ಇಲ್ಲ, ಮೂರು ತುಂಬುವ ಹೊತ್ತಿಗೆ ತಾಯಿಯೂ ಇಲ್ಲ. ಸಾಕಿದವರು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಅವರ ಹೆಂಡತಿ ಹಮೀದಾ ಬೇಗಂ. ಖೇತ್ವಾಡಿಯ ಆ ದೊಡ್ಡ ಮನೆಯಲ್ಲಿ ಮಕ್ಕಳ ಗುಂಪೇ ಇತ್ತು. ಮಾವನಿಗೆ ಬೇಟೆಯ ಹುಚ್ಚು. ಆ ಕಾಲದ ಉಳ್ಳವರ ಮನೆಯಲ್ಲಿ ಬೇಟೆ ತಪ್ಪಲ್ಲ, ಗೌರವದ ಹವ್ಯಾಸ. ಹುಡುಗನ ಕೈಗೆ ಆಟದ ಏರ್‌ಗನ್ ಬಂದದ್ದು ಈ ಮನೆಯಲ್ಲಿ.

ಗುಬ್ಬಿ ಹೊಡೆಯುವುದು ಅವನ ದಿನದ ಆಟ. ಹೊಡೆದದ್ದು ಅಡುಗೆಗೂ ಆಗುತ್ತಿತ್ತು. ಒಮ್ಮೆ ಮನೆಯ ಕುದುರೆ ಲಾಯದಲ್ಲಿ ಗುಬ್ಬಿಯೊಂದು ಗೂಡು ಕಟ್ಟಿತ್ತು. ಒಳಗೆ ಹೆಣ್ಣು, ಹೊರಗೆ ಕಾವಲಿಗೆ ಗಂಡು. ಹುಡುಗ ಗಂಡನ್ನು ಹೊಡೆದ. ಸ್ವಲ್ಪ ಹೊತ್ತಿನಲ್ಲೇ ಇನ್ನೊಂದು ಗಂಡು ಬಂದು ಅದೇ ಜಾಗದಲ್ಲಿ ಕೂತಿತು. ಅದನ್ನೂ ಹೊಡೆದ. ಹೀಗೆ ಏಳು ದಿನದಲ್ಲಿ ಎಂಟು ಗಂಡು ಗುಬ್ಬಿ ಬಿದ್ದವು. ಪ್ರತಿ ಸಲವೂ ಹೆಣ್ಣಿಗೆ ಹೊಸ ಜೊತೆಗಾರ ಸಿಕ್ಕಿದ. ಇದನ್ನೆಲ್ಲ ಹುಡುಗ ಬರೆದಿಟ್ಟುಕೊಂಡ. ಆಗ ಅವನಿಗೆ ಸುಮಾರು ಹತ್ತು ವರ್ಷ. ಅವರ ಮೊತ್ತಮೊದಲ ಪಕ್ಷಿ ಟಿಪ್ಪಣಿ ಇದೇ.

ಓದಿದರೆ ನಮಗೆ ಸಂಕಟವಾಗುತ್ತದೆ. ಹುಡುಗನಿಗೆ ಸಂಕಟವಾಗಲಿಲ್ಲ. ಫಾರ್ವರ್ಡ್ ಇಲ್ಲೇ ಎಡವುವುದು.

ಪ್ರಸಿದ್ಧ ಗುಬ್ಬಿಯ ಪ್ರಸಂಗ ಇದಾದ ಸ್ವಲ್ಪ ಕಾಲಕ್ಕೆ ನಡೆದದ್ದು. ಆ ದಿನ ಬಿದ್ದ ಹಕ್ಕಿ ನೋಡಲು ಗುಬ್ಬಿಯೇ, ಆದರೆ ಗಂಟಲಲ್ಲಿ ಹಳದಿ ಮಚ್ಚೆ. ಇದು ತಿನ್ನಬಹುದಾದ ಹಕ್ಕಿ ಹೌದೋ ಅಲ್ಲವೋ ಎಂಬ ಅನುಮಾನ ಬಂತು. ಮಾವನ ಹತ್ತಿರ ಒಯ್ದ. ಮಾವನಿಗೂ ಗೊತ್ತಾಗಲಿಲ್ಲ. ಅವರು ಒಂದು ಪತ್ರ ಬರೆದುಕೊಟ್ಟು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಡಬ್ಲ್ಯು. ಎಸ್. ಮಿಲಾರ್ಡ್ ಬಳಿಗೆ ಕಳಿಸಿದರು. 1883ರಲ್ಲಿ ಶುರುವಾದ ಆ ಸಂಸ್ಥೆಯ ಬಾಗಿಲಲ್ಲಿ ನಿಂತಾಗ ಹುಡುಗನಿಗೆ ಹೆದರಿಕೆ. ಬಿಳಿಯ ದೊರೆ, ಇಂಗ್ಲಿಷ್ ಮಾತು, ಕೈಯಲ್ಲಿ ಕಾಗದದಲ್ಲಿ ಸುತ್ತಿದ ಸತ್ತ ಗುಬ್ಬಿ. ಮಿಲಾರ್ಡ್ ಗದರಲಿಲ್ಲ. ಹಕ್ಕಿಯ ಹೆಸರು ಹೇಳಿದರು, ಒಳಗೆ ಕರೆದು ಒಂದೊಂದೇ ಡ್ರಾಯರ್ ಎಳೆದು ಭಾರತದ ನೂರಾರು ಹಕ್ಕಿಗಳ ಚರ್ಮಗಳನ್ನು ತೋರಿಸಿದರು, ಓದಲು ಪುಸ್ತಕ ಕೊಟ್ಟರು. ಹಕ್ಕಿಯ ಚರ್ಮ ಸುಲಿದು ಕೆಡದಂತೆ ಕಾಪಿಡುವ ಕೆಲಸವನ್ನೂ ಹುಡುಗ ಅಲ್ಲಿ ಕಲಿತ.

ಅಂದರೆ ಅವನನ್ನು ಬದಲಿಸಿದ್ದು ಕಣ್ಣೀರಲ್ಲ, ಇದು ಯಾವ ಹಕ್ಕಿ ಎಂಬ ಪ್ರಶ್ನೆ.

ಬಂದೂಕನ್ನು ಅವರು ಬಿಸಾಡಲೂ ಇಲ್ಲ. ದೊಡ್ಡವರಾದ ಮೇಲೆ ವಿಜ್ಞಾನಕ್ಕಾಗಿ ಅವರೇ ನೂರಾರು ಹಕ್ಕಿಗಳನ್ನು ಹೊಡೆದು ಸಂಗ್ರಹಿಸಿದರು. ಇವತ್ತಿನ ಕ್ಯಾಮೆರಾ, ಧ್ವನಿಮುದ್ರಣ, ಡಿಎನ್ಎ ಪರೀಕ್ಷೆ ಏನೂ ಇಲ್ಲದ ಕಾಲ. ಒಂದು ಜಾತಿಯನ್ನು ಇನ್ನೊಂದರಿಂದ ಬೇರೆ ಮಾಡಿ ತಿಳಿಯಲು ಹಕ್ಕಿ ಕೈಯಲ್ಲಿರಬೇಕಿತ್ತು. ಅವರನ್ನು ಕೊಲ್ಲದ ಸಂತನಂತೆ ಚಿತ್ರಿಸುವುದು ಅವರಿಗೂ ಒಪ್ಪಿಗೆಯಾಗುತ್ತಿರಲಿಲ್ಲವೆಂದೇ ನನ್ನ ಅನಿಸಿಕೆ. ತಮ್ಮ ಆತ್ಮಕತೆಯಲ್ಲಿ ಅವರು ಈ ಯಾವುದನ್ನೂ ಮುಚ್ಚಿಟ್ಟಿಲ್ಲ.

ಆದರೆ ಅವರ ಬಾಲ್ಯದ ಆ ಏರ್‌ಗನ್ ಮತ್ತು ಇವತ್ತು ವಿಡಿಯೊದಲ್ಲಿ ಕಾಣುವ ಪಿಸಿಪಿ ಒಂದೇ ಅಲ್ಲ. ಈ ವ್ಯತ್ಯಾಸ ತಿಳಿಯದೆ ಮುಂದೆ ಹೋಗುವುದು ಬೇಡ.

ಆಟದ ಏರ್‌ಗನ್ ಸಾಮಾನ್ಯವಾಗಿ ಸ್ಪ್ರಿಂಗ್ ಮೇಲೆ ನಡೆಯುತ್ತದೆ. ಕೈಯಿಂದ ಎಳೆದು ಸ್ಪ್ರಿಂಗ್ ಬಿಗಿಯುತ್ತೀರಿ. ಟ್ರಿಗರ್ ಒತ್ತಿದಾಗ ಅದು ಪಿಸ್ಟನ್ ತಳ್ಳಿ, ಆ ಕ್ಷಣಕ್ಕೆ ಅಷ್ಟೇ ಗಾಳಿಯನ್ನು ಒತ್ತುತ್ತದೆ. ನಿಮ್ಮ ತೋಳಿನ ಬಲವೇ ಅದರ ಮಿತಿ. ಪಿಸಿಪಿ ಎಂದರೆ ಮೊದಲೇ ಗಾಳಿ ತುಂಬಿಟ್ಟ ಬಂದೂಕು. ಅದರ ಸಿಲಿಂಡರಿನಲ್ಲಿ 200ರಿಂದ 300 ಬಾರ್ ಒತ್ತಡ ಇರುತ್ತದೆ. ಬೈಕ್ ಟೈರಿನಲ್ಲಿ ಇರುವುದು ಸುಮಾರು 2 ಬಾರ್. ಅಂದರೆ ನೂರು ಪಟ್ಟಿಗೂ ಮೇಲೆ. ಟ್ರಿಗರ್ ಒತ್ತಿದಾಗ ಒಳಗಿನ ಪುಟ್ಟ ಸುತ್ತಿಗೆ ವಾಲ್ವನ್ನು ಬಡಿದು ಕ್ಷಣಮಾತ್ರ ತೆರೆಯುತ್ತದೆ, ಒಂದು ಗುಟುಕು ಗಾಳಿ ನುಗ್ಗಿ ಪೆಲೆಟ್ಟನ್ನು ನಳಿಗೆಯಿಂದ ಆಚೆ ತಳ್ಳುತ್ತದೆ.

ಇದು ಹೊಸ ಆವಿಷ್ಕಾರವೂ ಅಲ್ಲ. 1780ರ ಹೊತ್ತಿಗೇ ಆಸ್ಟ್ರಿಯಾದ ಸೈನ್ಯದಲ್ಲಿ ಗಿರಾಂಡೋನಿ ಎಂಬಾತ ಮಾಡಿದ ಗಾಳಿ ಬಂದೂಕು ಇತ್ತು. ಅದರ ಗಾಳಿಬುರುಡೆ ತುಂಬಲು ಕೈಪಂಪನ್ನು ಸುಮಾರು 1500 ಸಲ ಒತ್ತಬೇಕಿತ್ತಂತೆ. ಅದು ಮನುಷ್ಯರನ್ನು ಕೊಲ್ಲಲೆಂದೇ ಮಾಡಿದ ಆಯುಧ. ಗಾಳಿಯಿಂದ ನಡೆಯುವುದೆಲ್ಲ ಆಟಿಕೆ ಎಂಬ ಮಾತಿಗೆ ಇಷ್ಟು ಉತ್ತರ ಸಾಕು.

ಹಾಗಾದರೆ ಒಳ್ಳೆಯ ಪಿಸಿಪಿ ಎಂದರೆ ಹೆಚ್ಚು ಜೋರಿನದೇ? ಅಲ್ಲ. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ. ಆ ಸ್ಪರ್ಧೆಯ ಬಂದೂಕುಗಳು ಇವತ್ತು ಬಹುತೇಕ ಇದೇ ಬಗೆಯವು. ಗುರಿಯ ನಡುವಿನ ಚುಕ್ಕೆ ಅರ್ಧ ಮಿಲಿಮೀಟರ್. ಅದನ್ನು ಹೊಡೆಯುವ ರೈಫಲ್ಲಿನ ಶಕ್ತಿ 10 ಜೂಲ್‌ಗಿಂತ ಕಡಿಮೆಯೇ. ಅಲ್ಲಿ ಬೇಕಾದದ್ದು ಪ್ರತಿ ಸಲವೂ ಒಂದೇ ವೇಗ. ಅದಕ್ಕೆ ಒತ್ತಡವನ್ನು ಸಮವಾಗಿ ಇಡುವ ರೆಗ್ಯುಲೇಟರ್, ನಂಬಬಹುದಾದ ಒತ್ತಡಮಾಪಕ, ತೇವ ಒಳಹೋಗದಂತೆ ತಡೆಯುವ ಫಿಲ್ಟರ್, ಗಟ್ಟಿಯಾದ ಸೇಫ್ಟಿ ಕ್ಯಾಚ್, ಅವಧಿಗೆ ತಕ್ಕಂತೆ ಪರೀಕ್ಷೆಯಾದ ಸಿಲಿಂಡರ್ ಬೇಕು. ಈ ಬಂದೂಕಿಗೆ ಮಾಡಬಹುದಾದ ಒಳ್ಳೆಯ ಸುಧಾರಣೆ ಎಂದರೆ ಇವೇ. ಇವು ಯಾವುವೂ ವಿಡಿಯೊದಲ್ಲಿ ರೋಚಕವಾಗಿ ಕಾಣುವುದಿಲ್ಲ, ಅದು ಬೇರೆ ಮಾತು.

ಹೆಚ್ಚು ಗಾಳಿ ತುಂಬಿದಷ್ಟೂ ಹೆಚ್ಚು ಪವರ್ ಎಂಬುದೂ ತಪ್ಪು ನಂಬಿಕೆ. ರೆಗ್ಯುಲೇಟರ್ ಇಲ್ಲದ ಬಂದೂಕಿನಲ್ಲಿ ಒತ್ತಡ ಅತಿಯಾದರೆ ವಾಲ್ವನ್ನು ಒಳಗಿನ ಗಾಳಿಯೇ ಒತ್ತಿ ಹಿಡಿಯುತ್ತದೆ. ಸುತ್ತಿಗೆ ಬಡಿದರೂ ಅದು ಪೂರ್ತಿ ತೆರೆಯದು. ಪೆಲೆಟ್ ಮೊದಲಿಗಿಂತ ನಿಧಾನವಾಗಿ ಹೋಗುತ್ತದೆ. ಇದನ್ನು ನೋಡಿದವರು ಬಿಗಿಯಾದ ಸ್ಪ್ರಿಂಗ್ ಹಾಕುತ್ತಾರೆ, ಗಾಳಿ ಹಾಯುವ ರಂಧ್ರ ದೊಡ್ಡದು ಮಾಡುತ್ತಾರೆ, ಉದ್ದದ ನಳಿಗೆ ಜೋಡಿಸುತ್ತಾರೆ. ಆಗ ಶಕ್ತಿ ಏರುತ್ತದೆ, ನಿಜ. ಎಷ್ಟು ಏರುತ್ತದೆ ಎಂದು ಲೆಕ್ಕ ಹಾಕಿ ನೋಡಿ. ಅರ್ಧ ಗ್ರಾಂ ಪೆಲೆಟ್ ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹೊರಟರೆ ಶಕ್ತಿ 10 ಜೂಲ್. ವೇಗ 300 ಆದರೆ ಶಕ್ತಿ 15 ಅಲ್ಲ, 22.5 ಜೂಲ್. ಏಕೆಂದರೆ ಶಕ್ತಿ ಹೆಚ್ಚುವುದು ವೇಗದ ವರ್ಗಕ್ಕೆ ತಕ್ಕಂತೆ.

ಈ ಲೆಕ್ಕಕ್ಕೆ ಕಾನೂನಿನಲ್ಲೂ ಬೆಲೆ ಇದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 20 ಜೂಲ್ ಮೀರಿದ ಅಥವಾ 0.177 ಇಂಚಿಗಿಂತ ದೊಡ್ಡ ನಳಿಗೆಯ ಏರ್‌ಗನ್‌ಗೆ ಲೈಸೆನ್ಸ್ ಬೇಕು. ಅಂಗಡಿಯಿಂದ ತಂದಾಗ 10 ಜೂಲ್ ಇದ್ದದ್ದನ್ನು ನೀವು ಮನೆಯಲ್ಲಿ 22ಕ್ಕೆ ಏರಿಸಿದರೆ, ಕೈಯಲ್ಲಿರುವುದು ಲೈಸೆನ್ಸ್ ಇಲ್ಲದ ಆಯುಧ. ಖರೀದಿ ಬಿಲ್ ತೋರಿಸಿದರೆ ಸಾಕು ಎಂಬ ಮಾತು ಆಗ ನಡೆಯದು.

ಇನ್ನೊಂದು ಅಪಾಯ ಗಾಳಿ ತುಂಬುವಾಗಿನದು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಈ ಒತ್ತಡದ ಹತ್ತಿರಕ್ಕೂ ಬರುವುದಿಲ್ಲ. ಆಗ ಕೆಲವರಿಗೆ ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಸಿಲಿಂಡರ್ ನೆನಪಾಗುತ್ತದೆ. ದಯವಿಟ್ಟು ಬೇಡ. ಹೆಚ್ಚಿನ ಒತ್ತಡದ ಆಕ್ಸಿಜನ್‌ಗೆ ಎಣ್ಣೆ, ಗ್ರೀಸ್ ಸೋಕಿದರೆ ಕಿಡಿಯೇ ಬೇಕಿಲ್ಲ, ತಾನಾಗಿ ಹೊತ್ತಿಕೊಳ್ಳಬಹುದು. ಬಂದೂಕಿನ ಸಿಲಿಂಡರ್ ಕೆನ್ನೆಗೆ ಒಂದು ಗೇಣು ದೂರದಲ್ಲಿ ಇರುತ್ತದೆ ಎಂಬುದನ್ನು ಮರೆಯಬೇಡಿ.

ಸಲೀಂ ಅಲಿಯವರ ಕತೆಗೆ ಮರಳೋಣ. ಓದಿನಲ್ಲಿ ಅವರು ಚುರುಕಿನ ಹುಡುಗನಲ್ಲ. ಕಾಲೇಜು ನಡುವೆ ಬಿಟ್ಟು, ಮನೆಯವರ ಗಣಿ ಮತ್ತು ಮರದ ವ್ಯಾಪಾರ ನೋಡಿಕೊಳ್ಳಲು ಬರ್ಮಾಕ್ಕೆ ಹೋದರು. ವ್ಯಾಪಾರಕ್ಕಿಂತ ಕಾಡಿನ ಹಕ್ಕಿಗಳ ಮೇಲೇ ಕಣ್ಣು. 1917ರಲ್ಲಿ ಹಿಂತಿರುಗಿ, ಮರುವರ್ಷ ತೆಹ್ಮಿನಾ ಅವರನ್ನು ಮದುವೆಯಾದರು. ವಿಶ್ವವಿದ್ಯಾಲಯದ ಪದವಿ ಇಲ್ಲವೆಂಬ ಕಾರಣಕ್ಕೆ ಭಾರತೀಯ ಪ್ರಾಣಿ ಸರ್ವೇಕ್ಷಣೆಯಲ್ಲಿ ಪಕ್ಷಿತಜ್ಞನ ಕೆಲಸ ಕೈತಪ್ಪಿತು. 1926ರಲ್ಲಿ ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂನಲ್ಲಿ ಬಂದವರಿಗೆ ವಿವರಣೆ ಹೇಳುವ ಕೆಲಸ ಸಿಕ್ಕಿತು. ಅಲ್ಲಿಂದ ರಜೆ ಹಾಕಿ ಬರ್ಲಿನ್‌ಗೆ ಹೋಗಿ ಎರ್ವಿನ್ ಸ್ಟ್ರೆಸೆಮನ್ ಬಳಿ ಕಲಿತರು. 1930ರಲ್ಲಿ ವಾಪಸು ಬಂದರೆ, ಹಣವಿಲ್ಲವೆಂದು ಆ ಹುದ್ದೆಯನ್ನೇ ತೆಗೆದುಹಾಕಿದ್ದರು.

ಕೆಲಸವಿಲ್ಲದ ಮನುಷ್ಯ ಮುಂಬಯಿ ಬಿಟ್ಟು ಕಡಲ ದಂಡೆಯ ಕಿಹಿಂ ಎಂಬ ಊರಿಗೆ ಹೋಗಿ ಗೀಜಗದ ಗೂಡು ನೋಡುತ್ತ ಕುಳಿತರು. ಗಂಡು ಗೀಜಗ ಅರ್ಧ ಗೂಡು ಕಟ್ಟಿ ಹೆಣ್ಣಿಗೆ ತೋರಿಸುತ್ತದೆ, ಅವಳು ಒಪ್ಪಿದರೆ ಮುಂದುವರಿಸುತ್ತದೆ, ಒಂದು ಸಂಸಾರ ಸಾಗುತ್ತಿದ್ದಂತೆ ಇನ್ನೊಂದು ಗೂಡಿಗೆ ಕೈಹಾಕುತ್ತದೆ. ಇದನ್ನು ಒಂದು ಗುಂಡೂ ಹಾರಿಸದೆ, ಬರೀ ಕೂತು ನೋಡಿ ಕಂಡುಕೊಂಡದ್ದು. ಲಾಯದ ಗುಬ್ಬಿಗಳ ಟಿಪ್ಪಣಿಗೂ ಇದಕ್ಕೂ ನಡುವೆ ಸುಮಾರು ಇಪ್ಪತ್ತೈದು ವರ್ಷ. ಹೆಣ್ಣು ಹಕ್ಕಿ ಜೊತೆಗಾರನನ್ನು ಹೇಗೆ ಆರಿಸುತ್ತದೆ ಎಂಬ ಕುತೂಹಲ ಅದೇ, ನೋಡುವ ಬಗೆ ಮಾತ್ರ ಬೇರೆ. ಅವರ ಬದುಕಿನಲ್ಲಿ ಬದಲಾವಣೆ ಆದದ್ದು ಹೀಗೆ, ನಿಧಾನವಾಗಿ.

ಆಮೇಲೆ ಸಂಸ್ಥಾನಗಳ ಪಕ್ಷಿ ಸಮೀಕ್ಷೆಗಳು. ಹೈದರಾಬಾದ್, ತಿರುವಾಂಕೂರು, ಕೊಚ್ಚಿ. ಸಂಬಳ ಬೇಡ, ಶಿಬಿರದ ಖರ್ಚು ಕೊಟ್ಟರೆ ಸಾಕು ಎಂಬ ಕರಾರು. ತೆಹ್ಮಿನಾ ಜೊತೆಗೇ ಇದ್ದು ಶಿಬಿರ ನಡೆಸುತ್ತಿದ್ದರು. 1939ರಲ್ಲಿ ಒಂದು ಸಣ್ಣ ಶಸ್ತ್ರಚಿಕಿತ್ಸೆಯ ನಂತರ ನಂಜೇರಿ ಆಕೆ ತೀರಿಕೊಂಡರು. ಅವರ ಮುಂದಿನ ಸಮೀಕ್ಷೆಗಳಲ್ಲಿ ಒಂದು ನಮ್ಮದೇ ಮೈಸೂರು ಸಂಸ್ಥಾನದ್ದು, 1939–40ರಲ್ಲಿ. ಅದರ ವರದಿ 1942–43ರಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ಕಂತು ಕಂತಾಗಿ ಬಂತು. ತುಮಕೂರು ಜಿಲ್ಲೆ ಆಗ ಅದೇ ಸಂಸ್ಥಾನದ್ದು. ನಮ್ಮ ಬಯಲುಸೀಮೆಯ ಹಕ್ಕಿಗಳ ಬಗ್ಗೆ ಇವತ್ತು ಯಾರೇ ಬರೆದರೂ ಆ ವರದಿಯನ್ನು ತಿರುವಿ ಹಾಕಲೇಬೇಕು.

ಅದೇ ಓಡಾಟದಲ್ಲಿ ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಸಾವಿರಾರು ನೀರುಹಕ್ಕಿಗಳು ಗೂಡು ಕಟ್ಟುವುದನ್ನು ಕಂಡರು. ಆ ಜಾಗ ಕಾಪಾಡಿ ಎಂದು ಅರಸರಿಗೆ ಹೇಳಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಬಂದೂಕು ಹಿಡಿದು ಸಮೀಕ್ಷೆಗೆ ಬಂದವರೇ ಬಂದೂಕು ಬಾರದ ಜಾಗವೊಂದನ್ನು ಉಳಿಸಿಕೊಟ್ಟರು.

ಭರತಪುರದ ಕತೆಯೂ ಹಾಗೇ. 1938ರ ನವೆಂಬರ್ 12ರಂದು, ಅಂದರೆ ಸಲೀಂ ಅಲಿಗೆ 42 ತುಂಬಿದ ದಿನವೇ, ಆ ಕೆರೆಯಲ್ಲಿ ವೈಸ್‌ರಾಯ್ ಲಿನ್‌ಲಿತ್‌ಗೋ ತಂಡ 4,273 ಹಕ್ಕಿಗಳನ್ನು ಹೊಡೆದುರುಳಿಸಿತು. ಮುಂದೆ ಆ ಬೇಟೆಯ ಕೆರೆ ಪಕ್ಷಿಧಾಮವಾಗಿ, ರಾಷ್ಟ್ರೀಯ ಉದ್ಯಾನವಾಗಿ ಉಳಿಯುವುದರಲ್ಲಿ ಅವರ ಪಾತ್ರ ದೊಡ್ಡದು.

1941ರಲ್ಲಿ ಭಾರತದ ಹಕ್ಕಿಗಳ ಕುರಿತ ಅವರ ಕೈಪಿಡಿ ಬಂತು. ಸಾಮಾನ್ಯ ಓದುಗ ಹಕ್ಕಿ ಹೆಸರು ಹಿಡಿಯಲು ಕಲಿತದ್ದು ಆ ಪುಸ್ತಕದಿಂದ. ಆಮೇಲೆ ಅಮೆರಿಕದ ಡಿಲನ್ ರಿಪ್ಲೆ ಜೊತೆ ಹತ್ತು ಸಂಪುಟಗಳು. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ. 1985ರಲ್ಲಿ ರಾಜ್ಯಸಭೆಗೆ ನಾಮಕರಣ. ಅದೇ ವರ್ಷ ಆತ್ಮಕತೆ ಹೊರಬಂತು, ಹೆಸರಿನಲ್ಲೇ ಗುಬ್ಬಿ ಇತ್ತು. 1987ರ ಜೂನ್ 20ರಂದು, ತೊಂಬತ್ತು ದಾಟಿದ ಮೇಲೆ, ಮುಂಬಯಿಯಲ್ಲಿ ತೀರಿಕೊಂಡರು.

ಅವರು ಹುಡುಗನಾಗಿದ್ದಾಗ ಮನೆಯ ಹಿತ್ತಲಲ್ಲಿ ಗುಬ್ಬಿ ಹೊಡೆದರೆ ಕೇಳುವವರಿರಲಿಲ್ಲ. ಈಗ ಹಾಗಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ. ಗಾಯ ಮಾಡುವುದೂ ಬೇಟೆ, ಪ್ರಯತ್ನಪಡುವುದೂ ಬೇಟೆ. ಬಂದೂಕಿಗೆ ಲೈಸೆನ್ಸ್ ಬೇಕಿಲ್ಲ ಎಂದಮಾತ್ರಕ್ಕೆ ನವಿಲು ಹೊಡೆಯಲು ಅನುಮತಿ ಸಿಕ್ಕಂತಲ್ಲ. ಈ ಎರಡನ್ನು ಬೆರೆಸಿ ಹೇಳುವ ಫಾರ್ವರ್ಡ್‌ಗಳೇ ಹೆಚ್ಚು. ನವಿಲು, ಕೃಷ್ಣಮೃಗ ಎರಡೂ ಮೊದಲ ಅನುಸೂಚಿಯಲ್ಲಿವೆ. 2022ರ ತಿದ್ದುಪಡಿಯ ನಂತರ ಇವುಗಳ ಬೇಟೆಗೆ ಮೂರರಿಂದ ಏಳು ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಬೆಳೆ ಹಾಳಾದರೆ ಅರಣ್ಯ ಇಲಾಖೆಗೆ ಅರ್ಜಿ ಹಾಕಿ ಪರಿಹಾರ ಕೇಳಬಹುದು. ಆ ಹಣ ನಷ್ಟಕ್ಕೆ ಸಾಲುವುದಿಲ್ಲ ಎಂಬ ರೈತರ ದೂರಿನಲ್ಲಿ ಹುರುಳಿದೆ. ಆದರೂ ಏರ್‌ಗನ್ ಅದಕ್ಕೆ ಉತ್ತರವಲ್ಲ. ಪೆಲೆಟ್ ಬಿದ್ದ ಕಾಡುಹಂದಿ ಸಾಯುವುದೂ ಇಲ್ಲ. ಗಾಯಗೊಂಡು ಇನ್ನಷ್ಟು ಅಪಾಯಕಾರಿಯಾಗಿ ಪೊದೆಯಲ್ಲಿ ಕೂರುತ್ತದೆ, ಬೆಳಿಗ್ಗೆ ಹೊಲಕ್ಕೆ ಹೋಗುವವರು ಮನೆಯವರೇ.

ನಮ್ಮ ಸೀಮೆಯಲ್ಲಿ ಕಾಪಾಡಬೇಕಾದದ್ದು ಕಡಿಮೆಯೇನಿಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ 798 ಎಕರೆಯ ಹುಲ್ಲುಗಾವಲು ಇದೆ. ಅಲ್ಲಿನ ಕೃಷ್ಣಮೃಗಗಳಿಗಾಗಿ 2007ರಲ್ಲಿ ಅದನ್ನು ಜಯಮಂಗಲಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದರು. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರ ನಡುವಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಪ್ರತಿ ವರ್ಷ ಬಂದು ಮರಿ ಮಾಡುತ್ತವೆ. ಕೆಳಗೆ ಹಿಕ್ಕೆ, ಮೀನಿನ ವಾಸನೆ, ಮೇಲೆ ದಿನವಿಡೀ ಗಲಾಟೆ. ಊರಿನವರು ಸಹಿಸಿಕೊಂಡಿದ್ದಾರೆ, ಹಕ್ಕಿಗಳ ತಂಟೆಗೆ ಬರುವವರನ್ನು ಗದರಿಸಿ ಕಳಿಸುತ್ತಾರೆ. ಕೊರಟಗೆರೆಗೆ ಹತ್ತಿರದ ದೇವರಾಯನದುರ್ಗದಂಥ ಬಂಡೆಬೆಟ್ಟಗಳಲ್ಲಿ ಹಳದಿ ಕೊರಳಿನ ಪಿಕಳಾರವಿದೆ. ಅದು ದಕ್ಷಿಣ ಭಾರತ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ.

ಸಲೀಂ ಅಲಿಯ ಕೈಗೆ ಬಿದ್ದ ಆ ಹಳದಿ ಗಂಟಲಿನ ಗುಬ್ಬಿಯೂ ಇಲ್ಲಿದೆ. ಅದು ಮನೆಗುಬ್ಬಿಯಂತೆ ಸೂರಿನಲ್ಲಿ ಗೂಡು ಕಟ್ಟುವುದು ಅಪರೂಪ. ಕುರುಚಲು ಕಾಡು, ಹೊಲದ ಬದುವಿನ ಹಳೆಯ ಮರ, ಅದರ ಪೊಟರೆ ಅದಕ್ಕೆ ಇಷ್ಟ. ಬೂದುಕಂದು ಮೈ, ಗಂಡಿಗೆ ಭುಜದ ಮೇಲೆ ಇಟ್ಟಿಗೆ ಬಣ್ಣದ ಪಟ್ಟಿ. ಗಂಟಲ ಹಳದಿ ದೂರದಿಂದ ಕಾಣುವುದಿಲ್ಲ. ಬೇಸಿಗೆಯ ಬೆಳಿಗ್ಗೆ ಮರದ ತುದಿಯಲ್ಲಿ ಅದು ಕತ್ತೆತ್ತಿ ಕೂಗುವಾಗ, ಬೈನಾಕ್ಯುಲರ್ ಇಲ್ಲದಿದ್ದರೆ ಮೊಬೈಲ್ ಕ್ಯಾಮೆರಾವನ್ನೇ ಜೂಮ್ ಮಾಡಿ ನೋಡಿ. ಆ ಮಚ್ಚೆ ಕಾಣುತ್ತದೆ.